ಆಚೆ ಕೋಣೆಯ ಅಕ್ಕ

ಕೊನೆಯ ಹುಡುಗನ ಬೆನ್ನು ಬಾಗಿಲಾಚೆ ಮರೆಯಾಯಿತು, ಬಾಗಿಲು ಉಸ್ಸೆಂದು ತಾನಾಗಿ ಮುಚ್ಚಿಕೊಂಡಿತು, ಈಗ ಏಸಿಯ ಗುಂಯ್ ಒಂದೇ, ಗೋಡೆಯಗಲದ ಪರದೆಯಲ್ಲಿ ಆಚೆ ಊರಿನ ಕೋಣೆಯೂ ಖಾಲಿಯಾಗುತ್ತಿದೆ, ಅಲ್ಲಿಯೂ ಬ್ಯಾಗುಗಳು, ಅಲ್ಲಿಯೂ ನೀರಿನ ಬಾಟಲಿ ಮರೆತು ಹೋಗುವ ಯಾರೋ ಒಬ್ಬ, ಅಲ್ಲಿಯೂ ಕುರ್ಚಿ ಹಿಂದಕ್ಕೆ ತಳ್ಳಿ ಹಾಗೇ ಎದ್ದು ಹೋಗುವವರೇ ಎಲ್ಲ — ಕುರ್ಚಿ ಎಳೆಯುವುದನ್ನು ಎಲ್ಲರಿಗೂ ಕಲಿಸಿದ್ದಾರೆ, ಒಳಕ್ಕೆ ತಳ್ಳುವ ಪಾಠ ಯಾವ ಪುಸ್ತಕದಲ್ಲೂ ಬರುವುದಿಲ್ಲವೇನೋ — ಅವಳು ಮೇಷ್ಟ್ರ ಕುರ್ಚಿಯಲ್ಲಿ ಕೂತಳು, ಡಬ್ಬಿ ತೊಡೆಯ ಮೇಲೆ. ಈ ಹೊತ್ತಿನಲ್ಲಿ ಇಲ್ಲಿ ಕೂರುವುದೇ ಅವಳ ಕೆಲಸ. ಬುಧವಾರ ಬಂದರೆ ಎರಡು ವಿಶ್ವವಿದ್ಯಾಲಯಗಳಿಗೂ ಒಂದೇ ಪಾಠ, ಮೇಷ್ಟ್ರು ಇಲ್ಲಿ ಹೇಳುತ್ತಾರೆ, ಅಲ್ಲಿಯ ಮಕ್ಕಳು ಅಲ್ಲಿಂದಲೇ ತಲೆಯಾಡಿಸುತ್ತಾರೆ, ನಡುವೆ ಊಟದ ಬಿಡುವು, ಬಿಡುವಿನಲ್ಲಿ ಲೈನು ಮಾತ್ರ ಕತ್ತರಿಸುವಂತಿಲ್ಲ. ಒಂದ್ಸಲ ಕಟ್ ಮಾಡಿದ್ರೆ ಮತ್ತೆ ಹಿಡಿಯೋ ಹೊತ್ತಿಗೆ ಜೀವ ಬಾಯಿಗೆ ಬರುತ್ತೆ ಕಣಮ್ಮ, ನೀನು ಇಲ್ಲೇ ಕೂತು ಊಟ ಮಾಡು, ಆಚೆ ಕಡೆ ಚಿತ್ರ ನಿಂತುಬಿಟ್ರೆ ಓಡಿ ಬಂದು ನನಗೆ ಹೇಳು, ಮೈಕು ಮ್ಯೂಟ್‌ನಲ್ಲಿರುತ್ತೆ, ಅದನ್ನ ಮಾತ್ರ ಮುಟ್ಬೇಡ — ಆಪರೇಟರ್ ಅಣ್ಣ ಮೊದಲ ದಿನವೇ ಹೇಳಿದ್ದು. ಖಾಲಿ ಕೋಣೆಯ ಚಿತ್ರವನ್ನು ನೋಡಿ ಅದು ಬದುಕಿದೆಯೋ ನಿಂತಿದೆಯೋ ಹೇಳುವುದು ಹೇಗೆ, ಕುರ್ಚಿ ಮೇಜು ಅಲುಗಾಡುತ್ತವೆಯೇ, ಅದಕ್ಕೇ ಆಚೆಗೊಬ್ಬರು ಈಚೆಗೊಬ್ಬರು, ಅಲುಗಾಡುವುದಕ್ಕೆಂದೇ ಸಂಬಳ, ಚಿಕ್ಕಮ್ಮನಿಗೆ ಹೇಳಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಿದ್ದೇ ನಕ್ಕಿದ್ದು, ಅಯ್ಯೋ ನಮ್ಮವ್ವಾ, ಕೂತು ತಿನ್ನೋಕೂ ಕಾಸು ಕೊಡ್ತಾರಾ, ನನ್ನನ್ನೂ ಸೇರಿಸ್ಕೊಳ್ಳೋಕೆ ಹೇಳು.

ಆಚೆ ಅಕ್ಕ ಬಂದಳು. ಎಡಗಡೆಯಿಂದಲೇ ಬರುತ್ತಾಳೆ, ಸೆರಗಿಗೆ ಕೈ ಒರೆಸುತ್ತಾ, ಮೊದಲು ಕುರ್ಚಿಗಳನ್ನೆಲ್ಲ ಒಳಕ್ಕೆ ತಳ್ಳಿ, ಆಮೇಲೆ ಮುಂದಿನ ಸಾಲಿನಲ್ಲಿ ಕೂತು ಡಬ್ಬಿ ಬಿಚ್ಚಿ, ಇವಳತ್ತ ಹುಬ್ಬು ಏರಿಸುತ್ತಾಳೆ — ಊಟಾನಾ ಅಂತ. ಇವಳೂ ಡಬ್ಬಿ ಎತ್ತಿ ತೋರಿಸುತ್ತಾಳೆ. ಹೆಸರು ಗೊತ್ತಿಲ್ಲ, ಊರಿನ ಹೆಸರು ಗೊತ್ತು ಆದರೆ ಯಾವ ದಿಕ್ಕಿಗೆ ಅಂತ ಗೊತ್ತಿಲ್ಲ, ಕಿವಿಯ ಮೇಲೆ ನರೆತ ಒಂದು ಎಳೆ, ನಕ್ಕರೆ ಒಂದು ಕೆನ್ನೆ ಮಾತ್ರ ಗುಳಿ ಬೀಳುತ್ತದೆ, ಅಷ್ಟು ಗೊತ್ತು, ಅದಕ್ಕಿಂತ ಜಾಸ್ತಿ ಇನ್ನೇನು ಬೇಕು, ಚಿಕ್ಕಮ್ಮನ ನಾದಿನಿಯ ಬಗ್ಗೆ ಎಲ್ಲವೂ ಗೊತ್ತು, ಏನು ಪ್ರಯೋಜನ. ಅಕ್ಕನ ಕಡೆಯ ಮೈಕೂ ಮುಚ್ಚಿದೆ, ಇವಳ ಕಡೆಯದೂ ಮುಚ್ಚಿದೆ, ಮೇಜಿನ ಮೇಲೆ ಕೆಂಪು ಚುಕ್ಕೆ, ಆ ಕೆಂಪು ಚುಕ್ಕೆ ಇರುವವರೆಗೆ ಅವಳ ನಾಲಿಗೆಗೆ ರೆಕ್ಕೆ. ಮೊದಮೊದಲು ಗೊಣಗಿದ್ದು, ಇವತ್ತು ಉಪ್ಪು ಜಾಸ್ತಿ ಬಿತ್ತು ಅಂತ, ಆಮೇಲೆ ಒಂದು ಮಾತಿನ ಬಾಲ ಹಿಡಿದು ಇನ್ನೊಂದು, ಪರದೆಯ ಮೇಲೆ ಅಷ್ಟು ದೊಡ್ಡ ಮುಖ ಎದುರಿಗಿದ್ದರೆ ಮಾತು ಬರದೆ ಇರುತ್ತದೆಯೇ, ಮತ್ತು ಆ ಮುಖಕ್ಕೆ ಒಂದೂ ಕೇಳಿಸುವುದಿಲ್ಲ ಎಂದ ಮೇಲೆ ಭಯವೇನು. ಬೇರೆಯವರೆದುರು ಬ, ಪ, ಮ — ತುಟಿ ಎರಡೂ ಸೇರುವ ಅಕ್ಷರ ಬಂದರೆ ಸಾಕು, ಬೀಗ ಬಿದ್ದಂತೆ ಬೀಳುತ್ತದೆ, ಒಳಗೆ ಮಾತು ತಳ್ಳುತ್ತಿರುತ್ತದೆ ಹೊರಗೆ ಬಾಗಿಲು ತೆಗೆಯುವುದಿಲ್ಲ, ಎದುರಿಗಿದ್ದವರು ಮೊದಲು ಕಾಯುತ್ತಾರೆ, ಆಮೇಲೆ ತಾವೇ ಮುಗಿಸಿಕೊಡುತ್ತಾರೆ, ಬಾಗಿಲಾ? ಬಕೆಟ್ಟಾ? ಏನು ಬೇಕು ಹೇಳು ತಾಯಿ. ಆಪರೇಟರ್ ಅಣ್ಣ ಒಳ್ಳೆಯವನೇ, ಆದರೂ ಎಲ್ಲರೆದುರು ಹೇಳಿಬಿಟ್ಟ, ನಮ್ಮ ಮೌನಗೌರಿ ಹುಟ್ಟುವಾಗ್ಲೇ ಮ್ಯೂಟ್ ಬಟನ್ ಒತ್ಕೊಂಡು ಹುಟ್ಟಿದಾಳೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುವುದಕ್ಕೆ ಯಾವ ಅಕ್ಷರವೂ ಬೇಕಿಲ್ಲವಲ್ಲ.

ಇಲ್ಲಿ ಮಾತ್ರ ತಡೆಯಿಲ್ಲ. ಇಲ್ಲಿ ಅವಳು ಎಲ್ಲ ಹೇಳಿದ್ದಾಳೆ, ಶಾಲೆ ಬಿಟ್ಟಿದ್ದನ್ನು ಕೂಡ, ಚಿಕ್ಕಮ್ಮನಿಗೂ ಹೇಳದ್ದನ್ನು — ಟೀಚರ್ ಎದ್ದು ನಿಂತು ಓದು ಅಂದರು, ಪಾಠದ ಮೊದಲ ಪದವೇ ಬ-ದಿಂದ, ಅವಳು ನಿಂತೇ ಇದ್ದಳು, ಹಿಂದಿನ ಬೆಂಚಿನಿಂದ ಯಾರೋ ಆ ಅಕ್ಷರವನ್ನೇ ಕುಟ್ಟತೊಡಗಿದರು, ಬ ಬ ಬ ಬ, ಮೇಕೆ ಕೂಗಿದಂತೆ, ಇಡೀ ಕ್ಲಾಸು, ಟೀಚರ್ ಕೂಡ ತುಟಿ ಕಚ್ಚಿಕೊಂಡಿದ್ದು ಅವಳಿಗೆ ಕಾಣಿಸಿತು, ಅದೇ ಕಾಣಿಸಬಾರದಿತ್ತು, ಮರುದಿನ ಹೊಟ್ಟೆನೋವು, ಅದರ ಮರುದಿನವೂ ಹೊಟ್ಟೆನೋವು, ಆಮೇಲೆ ಚಿಕ್ಕಮ್ಮ ಗುಂಡಿ ಹೊಲಿಯಲು ಕೂರಿಸಿಕೊಂಡಳು, ಯಾರೂ ಏನೂ ಕೇಳಲಿಲ್ಲ. ಗುಂಡಿಗಳು ಒಳ್ಳೆಯವು, ಪ್ರಶ್ನೆ ಕೇಳುವುದಿಲ್ಲ.

ಆದರೆ ಇವತ್ತು ಕೇಳುತ್ತಾರೆ. ಇವತ್ತು ಕೊನೆಯ ಪಾಠ, ಮುಂದಿನ ಸಲದಿಂದ ಮಕ್ಕಳು ಅವರವರ ಮನೆಯಲ್ಲಿ ಅವರವರ ಲ್ಯಾಪ್‌ಟಾಪ್ ಮುಂದೆ ಕೂತರಾಯಿತಂತೆ, ಈ ಕೋಣೆ ಗೋದಾಮು, ಪರದೆ ಇಳಿಸಿ ಎಲ್ಲಿಗೋ ಸಾಗಿಸುತ್ತಾರಂತೆ. ಆಫೀಸಿನ ಮೇಡಂ ನಿನ್ನೆ ಕರೆದು ಹೇಳಿದ್ದರು, ಅವರ ಕನ್ನಡಕ ಮೂಗಿನ ತುದಿಯಲ್ಲಿತ್ತು, ನೋಡಮ್ಮ, ನಿನ್ನಂಥ ಹುಡುಗೀನ ಕಳಿಸೋಕೆ ನನಗೆ ಮನಸ್ಸಿಲ್ಲ, ವಿಚಾರಣೆ ಕೌಂಟರ್‌ಗೆ ಒಬ್ಬರು ಬೇಕು, ಬಂದವರಿಗೆ ಯಾವ ರೂಮು, ಯಾವ ಮಹಡಿ ಅಂತ ಹೇಳ್ಬೇಕು, ಅಷ್ಟೇ, ನಾಳೆ ಊಟ ಆದ್ಮೇಲೆ ಕೇಳ್ತೀನಿ, ಹೂಂ ಅಂದ್ರೆ ಹೂಂ, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ. ಅಷ್ಟೇ, ಅಂದರು. ಅಷ್ಟೇ! ಬನ್ನಿ, ಏನು ಬೇಕಿತ್ತು — ಮೊದಲ ಪದವೇ ಬನ್ನಿ, ಎದುರಿಗೆ ಸಾಲು, ಸಾಲಿನ ಹಿಂದೆ ಸಾಲು, ಎಲ್ಲರೂ ಕಾಯುತ್ತಾ, ಎಲ್ಲರೂ ಮುಗಿಸಿಕೊಡುತ್ತಾ. ಬೇಡ ಅನ್ನಬೇಕು, ಬೇಡ ಅನ್ನುವುದೂ ಬ-ದಿಂದಲೇ, ಎಂಥ ಗ್ರಹಚಾರ, ತಲೆಯಾಡಿಸಿದರೆ ಆಯಿತು, ಆಮೇಲೆ ಗುಂಡಿ, ಆಮೇಲೆ ಸಾಯುವವರೆಗೆ ಗುಂಡಿ. ಅಕ್ಕಾ, ಏನು ಮಾಡಲಿ ಹೇಳು, ಅಂದಳು ಪರದೆಗೆ, ತುತ್ತು ಕೈಯಲ್ಲೇ ಇತ್ತು, ನೀನಾಗಿದ್ದರೆ ಏನು ಮಾಡ್ತಿದ್ದೆ, ಬುಧವಾರ ಇಲ್ಲದೆ ನಾನು ಎಲ್ಲಿ ಹೋಗಿ ಮಾತಾಡಲಿ. ಆಚೆ ಅಕ್ಕ ಅಗಿಯುವುದನ್ನು ನಿಲ್ಲಿಸಿದಳು, ಡಬ್ಬಿಯ ಮುಚ್ಚಳ ಹಾಕಿದಳು, ಎದ್ದಳು, ಬೆನ್ನು ತಿರುಗಿಸಿ ಹಿಂದಿನ ಸಾಲಿನ ಮೇಲಿಟ್ಟಿದ್ದ ತನ್ನ ಚೀಲದಲ್ಲಿ ಡಬ್ಬಿ ತುರುಕತೊಡಗಿದಳು — ಹೊರಟಳಾ, ಇಷ್ಟು ಬೇಗ, ಕೊನೆಯ ದಿನ, ಒಂದು ಕೈಯಾದರೂ ಬೀಸದೆ?

ಕೈ ತಾನಾಗಿ ಹೋಯಿತು, ಅವಳು ಕಳಿಸಿದ್ದಲ್ಲ, ಬೆರಳು ಗುಂಡಿಯ ಮೇಲಿತ್ತು, ಕೆಂಪು ಚುಕ್ಕೆ ಹಸಿರಾಗಿತ್ತು, ಆಪರೇಟರ್ ಅಣ್ಣ ಕೊಲ್ಲುತ್ತಾನೆ, ಕೊಲ್ಲಲಿ. ಅಕ್ಕಾ. ಬೆನ್ನು ತಿರುಗಲಿಲ್ಲ. ಅಕ್ಕಾ! ಆಚೆ ಕೋಣೆಯ ಸ್ಪೀಕರಿನಲ್ಲಿ ಅದು ಗುಡುಗಿರಬೇಕು, ಆ ಸ್ಪೀಕರುಗಳು ಎಂಥವೆಂದು ಅವಳಿಗೆ ಗೊತ್ತು, ಮೇಷ್ಟ್ರು ಕೆಮ್ಮಿದರೆ ಅಲ್ಲಿಯ ಮಕ್ಕಳು ಬೆಚ್ಚುತ್ತಾರೆ, ಆದರೂ ಆ ಬೆನ್ನು ಹಾಗೇ, ಚೀಲದ ಜಿಪ್ಪು ಎಳೆಯುತ್ತಾ, ಒಂದು ಕೂದಲೂ ಅಲುಗದೆ. ಇಷ್ಟೇನಾ, ಪರದೆಯ ಸ್ನೇಹ ಅಂದರೆ ಇಷ್ಟೇ, ಅವಳಿಗೂ ಸಂಬಳದ ಅಲುಗಾಟ, ನಾನೇ ಹುಚ್ಚಿ, ನಾನೇ ಅಕ್ಕ ಅಂತ ಹೆಸರಿಟ್ಟುಕೊಂಡು — ಆಚೆ ಬಾಗಿಲು ತೆರೆದು ಅಲ್ಲಿಯ ಆಪರೇಟರು ಓಡಿ ಬಂದ, ಬಾಯಲ್ಲಿ ಇನ್ನೂ ತುತ್ತು, ಮೇಜಿಗೆ ಬಗ್ಗಿ ತಮ್ಮ ಕಡೆಯ ಗುಂಡಿ ಒತ್ತಿದ, ಅವನ ದನಿ ಈ ಕೋಣೆಯ ತುಂಬ ತುಂಬಿಕೊಂಡಿತು, ಯಾರ್ರೀ ಅದು ಕೂಗಿದ್ದು, ಬಿಲ್ಡಿಂಗಿಗೇ ಬೆಂಕಿ ಬಿತ್ತು ಅಂದ್ಕೊಂಡೆ, ಓ ನೀನಾ. ಅಕ್ಕನ ಹತ್ರ, ಅಂದಳು ಅವಳು, ಇನ್ನೇನೂ ಹೊರಡಲಿಲ್ಲ. ಅಯ್ಯೋ, ಅವರಿಗೆ ಕಿವಿ ಕೇಳ್ಸಲ್ಲ ಕಣಮ್ಮ, ಹುಟ್ಟಿನಿಂದ್ಲೂ, ಹಿಂದಿನಿಂದ ಕೂಗಿದ್ರೆ ಏನು ಬಂತು, ಮುಖ ಕಾಣೋ ಹಾಗೆ ಮಾತಾಡು, ತುಟಿ ನೋಡ್ಕೊಂಡು ಒಂದು ಅಕ್ಷರ ಬಿಡದೆ ಹಿಡೀತಾರೆ, ನಾವು ಮೂಲೇಲಿ ನಿಂತು ಅವರ ಬಗ್ಗೆ ಪಿಸುಗುಟ್ಟೋಕೂ ಇಲ್ಲ, ಅಲ್ಲಿಂದ್ಲೇ ಕಣ್ಣು ಬಿಡ್ತಾರೆ. ನಿನ್ನ ಸುದ್ದಿ ನಮಗೂ ಬಂದಿದೆ, ಆಚೆ ಹುಡುಗಿ ಬಾಯಿ ಬಿಟ್ರೆ ಒಂದು ಬುಧವಾರ ಸಾಲಲ್ಲ ಅಂತ ಕೈಸನ್ನೆ ಮಾಡ್ತಾ ಇರ್ತಾರೆ. ಅವನು ನಗುತ್ತಾ ಅಕ್ಕನ ಭುಜ ತಟ್ಟಿದ, ಪರದೆಯತ್ತ ತೋರಿಸಿದ, ಹೊರಟೇ ಹೋದ.

ತುಟಿ. ಅವಳ ತುಟಿ, ಆಚೆ ಕೋಣೆಯ ಗೋಡೆಯ ಮೇಲೆ, ಬಾಗಿಲಷ್ಟು ಅಗಲ, ಪ್ರತಿ ಬುಧವಾರ, ಮೇಷ್ಟ್ರ ಮುಖಕ್ಕೆಂದು ಹೊಂದಿಸಿಟ್ಟ ಕ್ಯಾಮೆರಾದ ಮುಂದೆ, ಬೆಳಕಿನಲ್ಲಿ — ಉಪ್ಪು ಜಾಸ್ತಿ ಬಿತ್ತು ಅಂದದ್ದು, ಶಾಲೆಯ ಕಥೆ, ಮೇಕೆಯ ಕೂಗು, ಚಿಕ್ಕಮ್ಮನ ನಾದಿನಿಯನ್ನು ಆಡಿಕೊಂಡದ್ದು ಅಯ್ಯೋ, ಒಮ್ಮೆ ತಲೆಸಿಡಿತ ಅಂದಾಗ ಅಕ್ಕ ತನ್ನ ಹಣೆ ಒತ್ತಿಕೊಂಡಿದ್ದಳು, ಇವಳಿಗೂ ಸಿಡಿಯುತ್ತಿದೆ ಪಾಪ ಅಂದುಕೊಂಡಿದ್ದೆ, ಆಪರೇಟರ್ ಅಣ್ಣನ ಹೊಟ್ಟೆ ಬಗ್ಗೆ ಅಂದ ದಿನ ಅಕ್ಕ ತುತ್ತು ನೆತ್ತಿಗೆ ಹತ್ತಿ ನೀರು ಕುಡಿದಳು, ಆ ದಿನ ಶಾಲೆಯದನ್ನು ಹೇಳಿದಾಗ ತಿನ್ನದೆ ಸುಮ್ಮನೆ ಕೂತಿದ್ದಳು, ಹಸಿವಿಲ್ಲವೇನೋ ಅಂದುಕೊಂಡಿದ್ದೆ — ಎಲ್ಲ ಕೇಳಿಸಿದೆ, ಕೇಳಿಸದವಳಿಗೆ ಎಲ್ಲವೂ, ನೆಲ ಬಾಯಿ ಬಿಡಬಾರದೇ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಬಿಗಿಯಾಗಿ, ಮೂಲೆಯ ಪುಟ್ಟ ಚೌಕದಲ್ಲಿ ತನ್ನದೇ ಮುಖ, ಬರೀ ಎರಡು ಕಣ್ಣು, ಬೆರಳುಗಳ ಬೇಲಿ. ಹಾಗಾದರೆ ಇಷ್ಟು ದಿನ ಎದುರಿಗೆ ಒಬ್ಬರು ಇದ್ದರು. ಒಬ್ಬರು ಕೂತು ಪ್ರತಿ ಮಾತನ್ನೂ ಕಣ್ಣಲ್ಲಿ ಹಿಡಿಯುತ್ತಿದ್ದರು, ಆಗಲೂ ಬ ಬಂತು, ಪ ಬಂತು, ಮ ಬಂತು, ನೂರು ಸಲ ಬಂದಿರಬೇಕು, ಬೀಗ ಎಲ್ಲಿತ್ತು?

ಆಚೆ ಅಕ್ಕ ತಿರುಗಿದ್ದಳು. ಕುರ್ಚಿ ಎಳೆದುಕೊಂಡು ಪರದೆಗೆ ಇನ್ನಷ್ಟು ಹತ್ತಿರ, ಅವಳ ಮುಖ ಗೋಡೆ ತುಂಬ, ಹೋಗಲು ಎದ್ದದ್ದಲ್ಲ, ಕೈ ತೊಳೆಯುವ ಮುಂಚೆ ಡಬ್ಬಿ ಒಳಗಿಟ್ಟಿದ್ದಷ್ಟೇ, ಬೆರಳ ತುದಿಯಲ್ಲಿ ಇನ್ನೂ ಎಂಜಲು. ತುಟಿಗಳು ಆಡಿದವು. ದನಿಯಿಲ್ಲ, ಅವರ ಕಡೆಯ ಮೈಕು ತೆರೆದೇ ಇತ್ತು, ಆದರೂ ದನಿಯಿಲ್ಲ, ತುಟಿ ಅಗಲವಾಯಿತು, ಕಿರಿದಾಯಿತು, ಅವಳಿಗೆ ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ತಲೆಯಾಡಿಸಿದಳು, ಕೈ ಮಾತ್ರ ಬಾಯ ಮೇಲೆಯೇ. ಆಗ ಅಕ್ಕ ತನ್ನ ಬಾಯಿಯನ್ನೂ ಹಾಗೇ ಮುಚ್ಚಿಕೊಂಡಳು, ಇವಳಂತೆಯೇ, ಎರಡೂ ಕೈಯಿಂದ, ಕಣ್ಣಗಲಿಸಿ, ಇವಳನ್ನು ಅಣಕಿಸುವ ಹಾಗೆ — ಆಮೇಲೆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು, ತೊಡೆಯ ಮೇಲಿಟ್ಟಳು. ತುಟಿ ಮತ್ತೆ ಆಡಿತು, ಈ ಸಲ ಒಂದೊಂದೇ ಅಕ್ಷರ, ಮಗುವಿಗೆ ತುತ್ತಿಡುವಂತೆ. ಕೈ. ತೆಗಿ. ಕಾಣಿಸ್ತಿಲ್ಲ.

ಬಾಗಿಲು ಉಸ್ಸೆಂದಿತು, ಈಚೆಯದು, ಮೇಡಮ್ಮನ ಚಪ್ಪಲಿಯ ಸದ್ದು, ಹಿಂದೆಯೇ ಆಪರೇಟರ್ ಅಣ್ಣ, ಯಾರು ಮೈಕು ತೆಗೆದಿದ್ದು ಅಂತ ಅವನು, ಏನಮ್ಮ, ಊಟ ಆಯ್ತಾ, ಏನು ತೀರ್ಮಾನ ಮಾಡಿದೆ, ಕೌಂಟರ್‌ಗೆ ಬರ್ತೀಯಾ ಇಲ್ವಾ ಅಂತ ಮೇಡಂ, ಅವಳು ತಿರುಗಲಿಲ್ಲ, ತಿರುಗಿದರೆ ಅಕ್ಕನಿಗೆ ಮುಖ ಕಾಣುವುದಿಲ್ಲ, ಪರದೆಯ ಮೇಲೆ ಎರಡು ಕೈ ಮತ್ತೆ ಬಾಯ ಮೇಲೆ ಏರಿದವು, ಮತ್ತೆ ಇಳಿದವು, ಇವಳ ಬೆರಳುಗಳು ತಣ್ಣಗಾಗಿವೆ, ತುಟಿಯಿಂದ ಬಿಡಿಸಿಕೊಂಡರೆ ಅಂಟಿದ್ದು ಕಿತ್ತಂತೆ, ಒಂದು ಕೈ, ಇನ್ನೊಂದು, ಮೂಲೆಯ ಚೌಕದಲ್ಲಿ ಅವಳದೊಂದು ಬಾಯಿ ಮೂಡಿತು. ಬ, ಅಂದಳು. ಬ. ಬ. ಬೀಗ ಬಿತ್ತು, ಮೇಡಂ ಕಾಯುತ್ತಿದ್ದಾರೆ, ಆಪರೇಟರ್ ಅಣ್ಣ ಮುಗಿಸಿಕೊಡಲು ಬಾಯಿ ತೆರೆದಿರಬೇಕು, ಬೇಡ ಅಂತಾಳೆ ಮೇಡಂ ಅಂತ, ಬ ಬ, ಮೇಕೆ, ಬೆಂಚು, ಇಡೀ ಕ್ಲಾಸು, ಆದರೆ ಪರದೆಯಲ್ಲಿ ಅಕ್ಕ ಕಾಯುತ್ತಿಲ್ಲ, ಅಕ್ಕ ನೋಡುತ್ತಿದ್ದಾಳೆ, ಊಟದ ಹೊತ್ತಿನಲ್ಲಿ ನೋಡುವ ಹಾಗೆಯೇ, ಬರ್, ಬರ್ತೀನಿ ಮೇಡಂ, ನಾನೇ ಬರ್ತೀನಿ. ಯಾರೋ ಏನೋ ಅಂದರು. ಮಕ್ಕಳು ಒಳಗೆ ಬರತೊಡಗಿದರು, ಕುರ್ಚಿಗಳು ಕಿರ್ರೆಂದವು, ಅವಳು ಏಳಬೇಕು, ಮೇಷ್ಟ್ರು ಬಂದರು, ಏಳಬೇಕು — ಗೋಡೆಯಗಲದಲ್ಲಿ ಆ ಎರಡು ಕೈಗಳು, ಎಂಜಲು ಆರಿದ ಬೆರಳುಗಳು, ಬಾಯಿಂದ ಕೆಳಕ್ಕೆ, ಮೆಲ್ಲಗೆ, ಕೆಳಕ್ಕೆ