ಹಾಸುಗಲ್ಲಿನ ಮೇಲೆ ಬಿದ್ದ ಲಂಗರು

ನಾನು ಒಂದು ಲಂಗರು. ಗಂಗೊಳ್ಳಿಯ ಮಾಬ್ಲ ಆಚಾರಿಯ ಕುಲುಮೆಯಲ್ಲಿ ಹುಟ್ಟಿದವನು. ಒಡೆದ ಹಡಗೊಂದರ ಕಬ್ಬಿಣವನ್ನು ಕಾಯಿಸಿ, ಬಡಿದು, ನಾಲ್ಕು ಕೊಕ್ಕೆ ಬಾಗಿಸಿದ ಆಚಾರಿ ಕೊನೆಗೆ ನನ್ನನ್ನು ನೀರಿಗೆ ಅದ್ದಿದಾಗ ನಾನು ಕಿರುಚಿದ ಜೋರಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಹುಟ್ಟುವಾಗಲೇ ನೀರು ಕಂಡವನು ನೀರಲ್ಲೇ ಬಾಳಬೇಕಾಯಿತು. ಅದಕ್ಕೆ ನನಗೇನೂ ಬೇಜಾರಿರಲಿಲ್ಲ.

ಮೊದಲು ನನ್ನನ್ನು ಕೊಂಡವರು ಒಬ್ಬ ಉಪ್ಪಿನ ವ್ಯಾಪಾರಿ. ಅವರ ದೋಣಿ ಹೊಳೆ ಬಿಟ್ಟು ಹೊರಗೆ ಹೋದದ್ದೇ ಇಲ್ಲ. ಕೆಸರಲ್ಲಿ ಸುಖವಾಗಿ ನಿದ್ದೆ ಹೊಡೆದೆ. ಆಮೇಲೆ ಹೆರಿಯ ತಂಡೇಲನ ಮಂಜಿಗೆ ಬಂದೆ. ಮಂಜಿಯೆಂದರೆ ಹಾಯಿ ಕಟ್ಟಿದ ಸರಕಿನ ದೊಡ್ಡ ದೋಣಿ, ತಂಡೇಲನೆಂದರೆ ಅದನ್ನು ನಡೆಸುವವನು. ಹೆರಿಯ ನನ್ನನ್ನು ತಾನೇ ತೊಳೆಯುತ್ತಿದ್ದ, ತಾನೇ ಡಾಂಬರು ಬಳಿಯುತ್ತಿದ್ದ. ನನ್ನನ್ನು ನೀರಿಗಿಳಿಸಿದ ಮೇಲೆ ಹಗ್ಗದ ಮೇಲೆ ಅಂಗೈಯಿಟ್ಟು, ನಾನು ನೆಲ ಕಚ್ಚಿದ್ದು ತಿಳಿದ ಮೇಲಷ್ಟೇ ಮಲಗುತ್ತಿದ್ದ. ಅಷ್ಟು ನಂಬಿಕೆ. ನನಗೂ ಸ್ವಲ್ಪ ಕೊಬ್ಬು ಬಂದಿತ್ತು ಅನ್ನಿ.

ಆ ವರ್ಷದ ಕೊನೆಯ ಪ್ರಯಾಣ. ಮಳೆಗಾಲ ಶುರುವಾಗುವ ಮೊದಲು ಒಂದು ಮಂಜಿ ತುಂಬ ಹೆಂಚನ್ನು ಬಡಗು ದಿಕ್ಕಿನ ಬಂದರಿಗೆ ಮುಟ್ಟಿಸಬೇಕಿತ್ತು. ನಸುಕಿನಲ್ಲಿ ನೆಲದ ಗಾಳಿ ಹಿಡಿದು ಹೊರಟೆವು. ಮುಂದೆ ಶೀನಪ್ಪನ ಮಂಜಿ, ಹಿಂದೆ ನಮ್ಮದು. ಶೀನಪ್ಪ ಹೆರಿಯನ ಹೆಂಡತಿಯ ಅಣ್ಣ. ಮಧ್ಯಾಹ್ನ ಗಾಳಿ ಸತ್ತು ಹಾಯಿ ಜೋತುಬಿತ್ತು. ಮತ್ತೆ ಗಾಳಿ ಎದ್ದಾಗ ತೆಂಕು–ಪಡುವಣ ಮೂಲೆ ಕಪ್ಪಾಗಿತ್ತು. ಬಂದರು ಮುಟ್ಟುವುದು ಆಗದ ಮಾತು. ಮುಂದೆ ಕಡಲಿಗೆ ಚಾಚಿದ ಗುಡ್ಡವೊಂದಿತ್ತು. ಅದರ ಬಡಗು ಮಗ್ಗುಲಿಗೆ ಸೇರಿಕೊಂಡರೆ ಗಾಳಿಗೆ ಮರೆ ಸಿಗುತ್ತಿತ್ತು.

ಶೀನಪ್ಪ ಮೊದಲು ಸೇರಿಕೊಂಡ. ಸೀಸದ ಗುಂಡಿನ ಅಡಿಗೆ ಸಾಬೂನು ಮೆತ್ತಿ ಅಲ್ಲಲ್ಲಿ ನೀರಿಗೆ ಬಿಡುತ್ತ ಹೋಗಿ ಒಂದು ಮೂಲೆಯಲ್ಲಿ ನಿಂತ. ಸಾಬೂನಿಗೆ ಕೆಸರು ಅಂಟಿ ಬಂದರೆ ಲಂಗರು ನಿಲ್ಲುತ್ತದೆ, ಬರಿದೇ ಬಂದರೆ ಅಡಿಯಲ್ಲಿ ಕಲ್ಲು. ಮುಂದೆ ಹೋದವನು ಅಡಿ ನೋಡಿ ಹಿಂದಿನವನಿಗೆ ಕೂಗಿ ಹೇಳುವುದು ಕಡಲಿನವರ ಪದ್ಧತಿ. ಊರಲ್ಲಿ ಏನೇ ಜಗಳವಿರಲಿ, ಈ ಮಾತಿನಲ್ಲಿ ಮಾತ್ರ ಯಾರೂ ಸುಳ್ಳಾಡುವುದಿಲ್ಲ.

"ಹೆರಿಯಾ, ನೀನ್ ಅಲ್ಲೇ ಹಾಕ್! ಇಲ್ಲೆಲ್ಲ ಕೆಸ್ರೇ ಇತ್ತ್!" ಎಂದು ಶೀನಪ್ಪ ಕೂಗಿದ.

ನಮ್ಮ ಹಳೆಯ ಖಲಾಸಿ ಕುಷ್ಟ ತಲೆ ಕೆರೆದುಕೊಂಡ. "ಒಂದ್ ಸಲ ನಾವೂ ಗುಂಡ್ ಬಿಟ್ಟ್ ಕಾಂಬನಾ, ತಂಡೇಲ್ರೆ?"

"ಬಾವ ಹೇಳಿದ್ ಮೇಲೆ ಮತ್ತೆ ಗುಂಡ್ ಬಿಡುದಾ? ಅವ್ನ್ ಮುಖಕ್ಕೆ ಹೊಡ್ದಂಗೆ ಆತ್ತ್. ಬಿಡ್ ಲಂಗರ್!"

ಕುಷ್ಟ ನನ್ನನ್ನು ಬಿಟ್ಟ. ನಾನು ಮುಳುಗಿದೆ, ತಳ ಮುಟ್ಟಿದೆ. ಕೆಸರೂ ಇಲ್ಲ, ಮಣ್ಣೂ ಇಲ್ಲ. ಅಡುಗೆಮನೆಯ ಅರೆಯುವ ಕಲ್ಲಿನಷ್ಟು ನುಣ್ಣನೆಯ ಹಾಸುಗಲ್ಲು! ಆಗಲೇ ನನಗೆ ಎಲ್ಲ ಅರ್ಥವಾಯಿತು. ಕೆಸರಿದ್ದದ್ದು ಶೀನಪ್ಪ ನಿಂತ ಆ ಒಂದೇ ಮೂಲೆಯಲ್ಲಿ. ಇನ್ನೊಂದು ಮಂಜಿ ಪಕ್ಕಕ್ಕೆ ಬಂದರೆ ಗಾಳಿಗೆ ತನ್ನದಕ್ಕೆ ಬಡಿದೀತೆಂದು ಹೆದರಿ ನಮ್ಮನ್ನು ದೂರ ನಿಲ್ಲಿಸಿದ್ದ. ನಾವಿದ್ದ ಕಡೆ ಬರಿದಾಗಿ ಮೇಲೆ ಬಂದ ಸಾಬೂನನ್ನು ನೋಡಿಯೂ ಕೆಸರು ಎಂದಿದ್ದ. ನನಗೆ ಬಾಯಿದ್ದಿದ್ದರೆ!

ಕತ್ತಲಾಗುವುದರೊಳಗೆ ಗಾಳಿ ಬಂದೆರಗಿತು. ಹೆರಿಯ ಹಗ್ಗದ ಮೇಲೆ ಅಂಗೈಯಿಟ್ಟ. ನನ್ನ ನಡುಕ ಅವನಿಗೆ ತಿಳಿದಿರಬೇಕು. ನಾನು ನಾಲ್ಕೂ ಕೊಕ್ಕೆಗಳಿಂದ ಕೆರೆದೆ, ಪರಚಿದೆ. ಕಲ್ಲು ಕರುಣೆ ತೋರಿಸಲಿಲ್ಲ. ಮಂಜಿ ಹಿಂದಕ್ಕೆ ಜಾರಿ ದಡದ ಬಂಡೆಗೆ ಬಡಿದು ಒಡೆಯಿತು. ಶೀನಪ್ಪ ಆ ಅಲೆಗಳಲ್ಲಿ ಸಣ್ಣ ದೋಣಿ ಇಳಿಸಿ, ಜೀವದ ಹಂಗು ತೊರೆದು ಬಂದು ಹೆರಿಯನನ್ನು ನೀರಿನಿಂದ ಎಳೆದುಕೊಂಡ. ಅದು ಸುಳ್ಳಲ್ಲ, ನಾನೂ ಒಪ್ಪುವ ಸತ್ಯ. ಕುಷ್ಟ ಮಾತ್ರ ಸಿಗಲಿಲ್ಲ.

ಮರುದಿನ ಮಂಜಿಯ ಮುರಿದ ಮೂತಿಗೆ ಕಟ್ಟಿದ್ದ ಹಗ್ಗ ಹಿಡಿದು ನನ್ನನ್ನು ದಡಕ್ಕೆಳೆದರು. ಜನ ಸೇರಿದ್ದರು. "ಲಂಗರೇ ಸಮ ಇಲ್ಲ. ಕೈ ಕೊಟ್ಟೇಬಿಡ್ತ್" ಎಂದ ಶೀನಪ್ಪ. ಹೆರಿಯ ಕುಕ್ಕರುಗಾಲಲ್ಲಿ ಕೂತು ನನ್ನ ಕೊಕ್ಕೆಗಳನ್ನು ಸವರಿದ. ಕಲ್ಲಿಗೆ ಉಜ್ಜಿ ಅವು ಬೆಳ್ಳಗಾಗಿದ್ದವು. ಚೂರೂ ಕೆಸರಿರಲಿಲ್ಲ. ನೋಡು, ನೋಡು ಎಂದು ನನ್ನ ಕಬ್ಬಿಣವೆಲ್ಲ ಕೂಗುತ್ತಿತ್ತು. ಅವನು ಎದ್ದು ಭಾವನ ಜೊತೆ ಹೊರಟುಹೋದ.

ಅಂದಿನಿಂದ ಹೆರಿಯ ಶೀನಪ್ಪನ ಮಂಜಿಯಲ್ಲೇ ದುಡಿದ. ನಾನು ಶೀನಪ್ಪನ ಹಿತ್ತಿಲಲ್ಲಿ ಎಮ್ಮೆ ಕಟ್ಟುವ ಗೂಟವಾದೆ. ಎಮ್ಮೆ ಸತ್ತ ಮೇಲೆ ಬಂದರಿನ ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿಸಿದರು. ತುಕ್ಕು ತಿನ್ನುತ್ತಿದ್ದರೂ ನನಗೊಂದು ಸಮಾಧಾನವಿತ್ತು. ಮೋಸ ಹೋದವರು ನಾವಿಬ್ಬರು, ಹೆರಿಯನಿಗೆ ಪಾಪ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಶೀನಪ್ಪ ಸತ್ತ. ಅವನ ಬೊಜ್ಜದ ಊಟ ಮುಗಿದ ಮಾರನೆಯ ಬೆಳಿಗ್ಗೆ ಹೆರಿಯ ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂತ.

"ಅಡಿ ಕಲ್ಲ್ ಅಂದೇಳಿ ನಂಗೆ ಅವತ್ತೇ ಗೊತ್ತಾಯ್ತ್ ಮಾರಾಯ. ನಿನ್ನ ಕೊಕ್ಕೆ ಕಂಡ್ ಕೂಡ್ಲೇ ಗೊತ್ತಾಯ್ತ್. ಎಂತ ಹೇಳುದ್? ಹೆಂಡ್ತಿ ಅಣ್ಣ. ಜೀವ ಉಳ್ಸಿದ್ದೂ ಅವ್ನೇ."

ಕುಲುಮೆಯ ಬೆಂಕಿ ಕೂಡ ನನ್ನನ್ನು ಇಷ್ಟು ಸುಟ್ಟಿರಲಿಲ್ಲ. ಶೀನಪ್ಪ ಮಾಡಿದ್ದು ಒಂದು ಸಂಜೆಯ ಹೆದರಿಕೆಯ ಮೋಸ. ಇವನು ಮಾಡಿದ್ದು ದಿನಾ ಬೆಳಗಾದರೆ ಮಾಡುತ್ತಲೇ ಬಂದ ಮೋಸ. ಅದೂ ನನಗೆ, ಅವನಿಗಾಗಿ ಕಲ್ಲನ್ನು ಪರಚಿದ ನನಗೆ.

ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಳು. ಕುಷ್ಟನ ಮಗಳು ಚಿಕ್ಕು.

"ಹೆರಿಯಣ್ಣ, ನಮ್ಮ್ ಅಪ್ಪಯ್ಯನ್ನ ತಿಂದ ಲಂಗರ್ ಇದೇ ಅಲ್ದಾ?"

ಹೆರಿಯ ನನ್ನತ್ತ ನೋಡಿದ. ಈಗಲಾದರೂ ಹೇಳು ಎಂದು ಬೇಡಿಕೊಂಡೆ. ಹೆದರಲು ಶೀನಪ್ಪನೂ ಇರಲಿಲ್ಲ.

"ಹೌದ್ ಮಗಾ," ಎಂದ. "ಇದೇ."

ಚಿಕ್ಕು ಬಾಯಲ್ಲಿದ್ದ ಎಲೆಯಡಿಕೆಯನ್ನು ನನ್ನ ಮೇಲೆ ಉಗಿದು ಹೋದಳು. ಹೆರಿಯನ ಹೆಗಲ ಮೇಲೆ ಮೈ ಒರೆಸುವ ಬೈರಾಸವಿತ್ತು. ಅವನು ಅದನ್ನು ಮುಟ್ಟಲಿಲ್ಲ.