ಹಿಂಬಾಗಿಲಿನ ನಾಲ್ಕು ಅಂಗೈ

ಫಕ್ಕೀರೇಶಣ್ಣನ ಡೀಸೆಲ್ ಟೆಂಪೊ ಒಂದು ದಿನವೂ ತಾನಾಗಿ ಚಾಲೂ ಆದದ್ದಿಲ್ಲ. ತಿಳವಳ್ಳಿಯಲ್ಲಿ, ಹಾನಗಲ್ಲಿಗೆ ಹೊರಟ ನಾವೆಲ್ಲ ಹತ್ತಿ ಕುಳಿತ ಮೇಲೆ ಅವನು ಕಿಟಕಿಯಿಂದ ತಲೆ ಹೊರಹಾಕಿ, "ಗಂಡಸ್ರು ಇಳೀರಿ, ಪುಣ್ಯಾ ಕಟ್ಕೊಳ್ರಿ," ಎನ್ನುತ್ತಿದ್ದ. ಇಳಿಯುತ್ತಿದ್ದವರು ಇಬ್ಬರೇ. ಎಡಕ್ಕೆ ನನ್ನ ಅಪ್ಪ ಕುಬೇರಪ್ಪ, ಬಲಕ್ಕೆ ಅವನ ತಮ್ಮ ಶಂಭುಲಿಂಗ ಕಾಕಾ. ಉಳಿದ ಗಂಡಸರು ಮೊಬೈಲ್ ಕಿವಿಗಿಟ್ಟುಕೊಂಡು ಭಾರೀ ಕೆಲಸದಲ್ಲಿರುತ್ತಿದ್ದರು.

ಅಜ್ಜಿ ತೀರಿಕೊಂಡ ವರ್ಷ ನಮ್ಮ ಮನೆಯ ನಡುವೆ ಗೋಡೆ ಎದ್ದಿತ್ತು. ಅಂದಿನಿಂದ ಅಪ್ಪ, ಕಾಕಾ ಮಾತು ಬಿಟ್ಟಿದ್ದರು. ಏನಾದರೂ ಹೇಳುವುದಿದ್ದರೆ ಟೆಂಪೊದ ಹಿಂದೆ ನಿಂತು, ಅದೂ ಫಕ್ಕೀರೇಶಣ್ಣನ ಮೂಲಕ.

"ಫಕ್ಕೀರ, ಆ ಕಡಿಯವ್ರು ಉಂಡು ಬಂದಾರೇನ್ ಕೇಳು," ಎನ್ನುತ್ತಿದ್ದ ಅಪ್ಪ.

"ಈ ಕಡಿಯವ್ರು ಉಂಡಾರ. ಆ ಕಡಿಯವ್ರ ಹೊಟ್ಟ್ಯಾಗ ಬರೇ ಗಾಳಿ ಐತಿ ಅಂತ ಹೇಳು," ಎನ್ನುತ್ತಿದ್ದ ಕಾಕಾ.

ಆಮೇಲೆ ಅಪ್ಪ "ಐಸಾ!" ಎಂದರೆ ಕಾಕಾ "ಐಸಾ!" ಎಂದು ಜೋರು ಹಾಕುತ್ತಿದ್ದ. ಆ ಒಂದು ಶಬ್ದ ಮಾತ್ರ ಯಾರ ಮೂಲಕವೂ ಹೋಗುತ್ತಿರಲಿಲ್ಲ. ಎಂಜಿನ್ನು ಕೆಮ್ಮಿ, ಕರಿ ಹೊಗೆ ಉಗುಳಿ ಗುಡುಗಿದೊಡನೆ ಇಬ್ಬರೂ ಓಡಿಬಂದು ಹತ್ತುತ್ತಿದ್ದರು. ಒಂದೇ ಮಸಿ ಬಳಿದುಕೊಂಡ ಎರಡು ಮುಖ. ಅವರ ಅಂಗೈ ತಾಗಿ ತಾಗಿ ಹಿಂಬಾಗಿಲಿನ ಹಸಿರು ಬಣ್ಣ ನಾಲ್ಕು ಕಡೆ ಸವೆದು ತಗಡು ಹೊಳೆಯುತ್ತಿತ್ತು. ಡೀಸೆಲ್ ವಾಸನೆ ಬಂದರೆ ನನಗೆ ಈಗಲೂ ಗೋಡೆಯಿಲ್ಲದ ಮನೆ ನೆನಪಾಗುತ್ತದೆ.

ಈ ವರ್ಷ ಆ ಗಾಡಿಗೆ, ರಸ್ತೆಗಿಳಿಯಲು ಯೋಗ್ಯ ಎಂಬ ಎಫ್‌ಸಿ ಸಿಗಲಿಲ್ಲ. ಫಕ್ಕೀರೇಶಣ್ಣ ಅದನ್ನು ಗುಜರಿಗೆ ಕೊಟ್ಟು ಕರೆಂಟಿನ ಗಾಡಿ ತರುತ್ತಾನೆ ಎಂದು ಸುದ್ದಿಯಾಯಿತು.

"ಇನ್ನ ನೂಕೂದೂ ಇಲ್ಲ, ಕೆಮ್ಮೂದೂ ಇಲ್ಲ," ಎಂದು ಹಿಗ್ಗಿದಳು ದಿನಾ ನಮ್ಮ ಜೊತೆ ಬರುವ ನರ್ಸ್ ಗೌಹರಕ್ಕ.

ನನಗೆ ಹಿಗ್ಗಲಾಗಲಿಲ್ಲ. ನೂಕುವುದಿಲ್ಲವೆಂದರೆ ಐಸಾ ಕೂಡ ಇಲ್ಲ.

ಹೊಸ ಗಾಡಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಬಂತು. ನಾವು ಹತ್ತಿದೆವು. ಫಕ್ಕೀರೇಶಣ್ಣ ಯಾರನ್ನೂ ಇಳಿಯಿರಿ ಎನ್ನಲಿಲ್ಲ. ಹಿಂದಿನ ಗಾಜಿನಲ್ಲಿ ನೋಡುತ್ತೇನೆ, ಎಡಕ್ಕೆ ಅಪ್ಪ, ಬಲಕ್ಕೆ ಕಾಕಾ, ಇಬ್ಬರೂ ತಲೆ ತಗ್ಗಿಸಿ ಬಿಳಿ ಬಾಗಿಲಿಗೆ ಅಂಗೈ ಊರಿ ನಿಂತಿದ್ದಾರೆ!

"ಐಸಾ!" ಎಂದ ಅಪ್ಪ.

ಕಾಕಾ ಬಾಯಿ ತೆರೆಯುವುದರೊಳಗೆ ಗಾಡಿ ಸದ್ದಿಲ್ಲದೆ ಅವರ ಕೈಯಿಂದ ಜಾರಿಕೊಂಡಿತು. ರಸ್ತೆಯ ನಡುವೆ ಇಬ್ಬರೂ ಕೈ ಚಾಚಿಕೊಂಡೇ ಉಳಿದರು.

ಹಳೆಯ ಎಂಜಿನ್ನಾಗಿದ್ದರೆ ಮುಂದಿನದು ಕೇಳುತ್ತಿರಲಿಲ್ಲ.

"ಇಷ್ಟೂ ತಿಳಿಯಂಗಿಲ್ಲೇನಣ್ಣಾ ನಿನಗ? ಕರೆಂಟಿನ ಗಾಡಿ ಅದು!"

"ಮತ್ತ ನೀ ಯಾಕ ಕೈ ಹಚ್ಚಿದ್ದೋ, ಶಂಭೂ?"

ಗೌಹರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಫಕ್ಕೀರ, ನಿಲ್ಸೋ! ಅಣ್ಣತಮ್ಮ ಅಲ್ಲೇ ಉಳದ್ರು!"

ಅವನ ಕಾಲು ಬ್ರೇಕಿನತ್ತ ಹೋಯಿತು.

"ನಿಲ್ಸಬ್ಯಾಡ್ರಿ ಅಣ್ಣಾ," ಎಂದೆ. "ನಡೀರಿ."

ಹಾನಗಲ್ಲಿಗೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು; ಅಲ್ಲಿಯವರೆಗೆ ಅವರಿಬ್ಬರೇ.