ಕ್ವಾಟ್ರಸ್ ಖಾಲಿ

"ಸಿಲೋನಿಂದ ಬಂದ ಬೇವರ್ಸಿಗಳಿಗೆಲ್ಲ ಕ್ವಾಟ್ರಸ್ ಎಂತಕ್ಕೆ? ಇಳಿ ಹೊರಗೆ!"

ತೋಟದ ಸೂಪರ್‌ವೈಸರ್ ಜಯಪ್ರಕಾಶ ಒದ್ದ ರಭಸಕ್ಕೆ ಬಾಗಿಲು ಹಾರಿ, ಹಿಂದೆ ಅಡ್ಡ ನಿಂತಿದ್ದ ಲೆಚ್ಚುಮಿಯ ಹಣೆಗೆ ಬಡಿಯಿತು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅಂಗಳದಲ್ಲಿ ಇಬ್ಬರು ಹಾರೆ ಹಿಡಿದು ನಿಂತಿದ್ದರು. ಮೂರನೆಯವನು ಆಗಲೇ ಏಣಿ ಹತ್ತಿ ಹೆಂಚು ಕೀಳುತ್ತಿದ್ದ.

"ಒಂದು ತಿಂಗಳು ಟೈಮ್ ಕೊಡಿ ಸಾರ್. ನಾವು ಎಲ್ಲಿಗೆ ಹೋಗುದು?"

"ಬಂದ ಊರಿಗೆ ಹೋಗು. ಹಡಗು ಉಂಟಲ್ಲ!"

ಏಣಿಯ ಮೇಲಿದ್ದವನೂ ನಕ್ಕ.

ಬಂದ ಊರಂತೆ! ಲೆಚ್ಚುಮಿಗೆ ಹತ್ತು ವರ್ಷವಾಗಿದ್ದಾಗ ಎರಡು ದೇಶದ ದೊಡ್ಡವರು ಕೂತು, ಅಜ್ಜಂದಿರ ಕಾಲದಲ್ಲಿ ಈ ದೇಶದಿಂದ ಲಂಕೆಗೆ ದುಡಿಯಲು ಹೋಗಿದ್ದ ಇವರ ಜನವನ್ನು ಹಂಚಿಕೊಂಡಿದ್ದರು: ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ. ನಾಯಿಮರಿ ಹಂಚುವಾಗಲಾದರೂ ತಾಯಿಯ ಮುಖ ನೋಡುತ್ತಾರೆ. ಇವರ ಮುಖ ಯಾರೂ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಲಂಕೆಯ ಚಹಾತೋಟದ ಕೂಲಿಗಳನ್ನು ಹಡಗು ಹತ್ತಿಸಿ, ಸುಳ್ಯದ ಕಾಡಿಗೆ ತಂದು, ರಬ್ಬರ್ ನೆಡಿಸಿ, ಸಾಲುಮನೆಗಳಲ್ಲಿ ತುಂಬಿದರು. ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುವಷ್ಟು ಕಾಲ ಮನೆ. ಅರವತ್ತು ತುಂಬಿದ ದಿನ ಲೆಚ್ಚುಮಿಯ ಕೆಲಸವೂ ಹೋಯಿತು, ಮನೆಯೂ ಹೋಯಿತು. ಉಳಿಯಬೇಕಾದರೆ ಮನೆಯ ಇನ್ನೊಬ್ಬರು ಟ್ಯಾಪಿಂಗ್ ಕತ್ತಿ ಹಿಡಿಯಬೇಕು. ಇನ್ನೊಬ್ಬರು ಅಂದರೆ ಅಮ್ಮು. ನಲವತ್ತರ ಮೇಲೆ ಹುಟ್ಟಿದ ಒಬ್ಬಳೇ ಮಗಳು, ಪುತ್ತೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು.

ಹೋದ ವಾರ ಮನೆ ಕಟ್ಟಲು ಐದು ಸೆಂಟ್ಸ್ ಜಾಗ ಕೇಳಲು ಲೆಚ್ಚುಮಿ ಸರ್ಕಾರಿ ಕಚೇರಿಗೂ ಹೋಗಿದ್ದಳು. ಹಡಗಿನಲ್ಲಿ ಬಂದಾಗಿನ ಕಾರ್ಡನ್ನು ಗುಮಾಸ್ತ ಎರಡೇ ಬೆರಳಲ್ಲಿ ಎತ್ತಿ ನೋಡಿದ.

"ಜಾತಿ ಸರ್ಟಿಫಿಕೇಟು ಎಲ್ಲಿ?"

"ನೀವೇ ಕೊಡುದಿಲ್ಲ ಅಂದದ್ದಲ್ವಾ ಸಾರ್."

"ನಿನ್ನ ಅಜ್ಜ ಈ ರಾಜ್ಯದಲ್ಲಿ ಇದ್ದದ್ದಕ್ಕೆ ದಾಖಲೆ ತಾ, ಕೊಡುವ. ಇಲ್ಲಿಯವರಿಗೇ ಜಾಗ ಇಲ್ಲ ಮಾರಾಯ್ತಿ, ನಿಮಗೆ ಎಲ್ಲಿಂದ ತರುದು?"

ಕಾರ್ಡನ್ನು ಮೇಜಿನಿಂದ ಕೆಳಕ್ಕೆ ಸರಿಸಿದ. ಹೆಕ್ಕಲು ಬಗ್ಗಿದವಳ ಬೆನ್ನ ಮೇಲಿಂದಲೇ ಸಾಲಿನಲ್ಲಿ ಹಿಂದೆ ನಿಂತವನು ತನ್ನ ಅರ್ಜಿ ಚಾಚಿದ.

ಈಗ ಜಯಪ್ರಕಾಶ ಜೇಬಿನಿಂದ ಕಾಗದ ತೆಗೆದು, ರಜೆಗೆ ಮನೆಗೆ ಬಂದು ಅಮ್ಮನ ಹಿಂದೆ ನಿಂತಿದ್ದ ಅಮ್ಮುವಿನ ಮುಖಕ್ಕೆ ಹಿಡಿದ.

"ಸಹಿ ಹಾಕು. ನಾಳೆಯಿಂದ ಅಮ್ಮನ ಮರಗಳೆಲ್ಲ ನಿನಗೆ. ಹೆಂಚು ಇವತ್ತೇ ವಾಪಸ್ ಹೊದಿಸ್ತೇನೆ."

"ಅವಳು ಓದುವ ಹುಡುಗಿ ಸಾರ್," ಎಂದು ಕಾಗದಕ್ಕೆ ಕೈಹಾಕಿದ ಲೆಚ್ಚುಮಿಯ ತುರುಬು ಹಿಡಿದು ಅವನು ತಲೆಯನ್ನು ಗೋಡೆಗೆ ಗುದ್ದಿಸಿದ. ಒಮ್ಮೆ ಅಲ್ಲ, ಮೂರು ಸಲ.

"ಓದಿ ಎಂತ ಡಾಕ್ಟರಾಗ್ತಾಳಾ ರಂಡೆ? ನೀವು ಹುಟ್ಟಿದ್ದೇ ಟ್ಯಾಪಿಂಗಿಗೆ!"

"ಅಮ್ಮನನ್ನು ಬಿಡಿ! ಹಾಕ್ತೇನೆ, ಸಹಿ ಹಾಕ್ತೇನೆ!" ಅಮ್ಮು ಅವನ ಕೈಯಿಂದ ಕಾಗದವನ್ನೂ ಪೆನ್ನನ್ನೂ ಕಸಿದುಕೊಂಡಳು. "ಈ ಮನೆಯೂ ಹೋದರೆ ನಾವು ಎಂತ ಮಾಡುದಮ್ಮಾ?"

ಅಕ್ಕಪಕ್ಕದ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವರನ್ನು ಬೈದು ಏನು ಪ್ರಯೋಜನ, ಅವರ ತಲೆಯ ಮೇಲಿರುವುದೂ ಇದೇ ತೋಟದ ಹೆಂಚು.

ಲೆಚ್ಚುಮಿ ರಕ್ತದ ಜೊತೆ ಒಂದು ಹಲ್ಲನ್ನೂ ಉಗಿದಳು. ಮಗಳು ಕಾಗದವನ್ನು ಗೋಡೆಗೆ ಆನಿಸಿ ಬರೆಯಹೊರಟದ್ದು ಕಂಡಿತು. ಆಗ ಅವಳಿಗೆ ಸಿಟ್ಟು ಬಂದದ್ದು ಜಯಪ್ರಕಾಶನ ಮೇಲಲ್ಲ, ಈ ಮನೆಯ ಮೇಲೆ. ಅಪ್ಪನನ್ನು ತಿಂದಿತು, ಗಂಡನನ್ನು ತಿಂದಿತು, ನಲವತ್ತು ವರ್ಷ ತನ್ನನ್ನೂ ತಿಂದಿತು. ಇನ್ನೂ ಇದರ ಹೊಟ್ಟೆ ತುಂಬಿಲ್ಲ.

ಅಂಗಳಕ್ಕೆ ನುಗ್ಗಿ ಒಬ್ಬನ ಕೈಯಿಂದ ಹಾರೆ ಕಿತ್ತುಕೊಂಡಳು. ಏಟು ತನಗೇ ಬಂತೆಂದು ಜಯಪ್ರಕಾಶ ಎಡವಿಕೊಂಡು ಹಿಂದಕ್ಕೋಡಿದ. ಲೆಚ್ಚುಮಿ ಅವನತ್ತ ನೋಡಲೂ ಇಲ್ಲ. ಮಗಳ ರಟ್ಟೆ ಹಿಡಿದು ಹೊರಗೆ ಎಳೆದು ಹಾಕಿ, ಜಗಲಿಯ ಕಂಬಕ್ಕೆ ಹಾರೆ ಬೀಸಿದಳು. ಗೆದ್ದಲು ಹಿಡಿದ ಕಂಬ ಮೂರನೇ ಏಟಿಗೆ ಮುರಿಯಿತು. ಏಣಿಯಲ್ಲಿದ್ದವನು ಜೀವ ಉಳಿದರೆ ಸಾಕೆಂದು ಹಾರಿದ. ಅರ್ಧ ಸೂರು ಹೆಂಚು ಸಮೇತ ಜಗಲಿಯ ಮೇಲೆ ಕುಸಿದುಬಿತ್ತು.

"ಏಯ್! ಹುಚ್ಚು ಹಿಡಿಯಿತಾ ನಿನಗೆ? ತೋಟದ ಸೊತ್ತು ಅದು!" ಜಯಪ್ರಕಾಶ ದೂರದಿಂದಲೇ ಕಿರುಚಿದ.

ಧೂಳಿನೊಳಗಿಂದ ಎದ್ದುಬಂದ ಲೆಚ್ಚುಮಿಯ ಭುಜದ ಚರ್ಮ ಹರಿದಿತ್ತು. ಅಮ್ಮು ಇನ್ನೂ ಕಾಗದ ಹಿಡಿದುಕೊಂಡೇ ಇದ್ದಳು.

"ಈಗ ಹಾಕು ಸಹಿ," ಎಂದಳು ಲೆಚ್ಚುಮಿ ಮಗಳಿಗೆ. "ಯಾವ ಮನೆಗೆ ಹಾಕ್ತಿ, ನೋಡ್ತೇನೆ."

ಅಷ್ಟು ಹೇಳಿ ಹಾರೆ ಎತ್ತಿಕೊಂಡು ಎರಡನೇ ಕಂಬದತ್ತ ನಡೆದಳು.